ಬಣ್ಣ ಹಿಡಿಯದ ಕೆನ್ನೆ

ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರದ ಹಿಂದಿನ ಕೋಣೆಯೇ ಇವತ್ತು ನಮ್ಮ ಯಕ್ಷಗಾನದ ಚೌಕಿ. ಗಣಪತಿಯ ಮುಂದೆ ದೀಪ ಹಚ್ಚಿಯಾಗಿದೆ. ಆಟ ಶುರುವಾಗುವುದು ಸಂಜೆ. ಆದರೆ ರಾವಣನ ಮುಖ ಬರೆಯಲು ತಾಸುಗಟ್ಟಲೆ ಬೇಕು. ಅದಕ್ಕೇ ಕಲ್ಯಾಣದಿಂದ ಬೇಗನೆ ಲೋಕಲ್ ಹಿಡಿದು ಬಂದು ಕನ್ನಡಿಯ ಮುಂದೆ ಕೂತಿದ್ದೇನೆ.

ಬಲಗೆನ್ನೆಗೆ ತೆಂಗಿನೆಣ್ಣೆ ತುಸು ಹೆಚ್ಚೇ ತಿಕ್ಕುತ್ತೇನೆ. ಅಲ್ಲಿರುವುದು ತೊಡೆಯಿಂದ ತೆಗೆದು ಕೂರಿಸಿದ ಚರ್ಮ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಅಪ್ಪನ ಕ್ಯಾಂಟೀನಿತ್ತು. ವಡೆಯ ಬಾಣಲೆ ಮಗುಚಿದಾಗ ನಾನು ಆರು ವರ್ಷದವ. ಐರೋಲಿಯ ನ್ಯಾಷನಲ್ ಬರ್ನ್ಸ್ ಸೆಂಟರಿನಲ್ಲಿ ಈಗ ಚರ್ಮದ ಬ್ಯಾಂಕೇ ಇದೆ, ಸತ್ತವರು ದಾನ ಕೊಟ್ಟ ಚರ್ಮ ಸುಟ್ಟ ಮೈಯನ್ನು ಕಾಯುತ್ತದೆ. ನನ್ನ ಕಾಲಕ್ಕೆ ನನ್ನ ತೊಡೆಯೇ ಗತಿ. ಈ ಚರ್ಮ ಬೆವರುವುದಿಲ್ಲ, ಜಿಡ್ಡು ಬಿಡುವುದೂ ಇಲ್ಲ. ಎಣ್ಣೆ ಕುಡಿಸದಿದ್ದರೆ ಬಣ್ಣ ಹಿಡಿಯದೆ ಹಕ್ಕಳೆಯಾಗಿ ಏಳುತ್ತದೆ. ಹಿಡಿಯಿತೋ, ಕುಣಿತದ ಬಿಸಿಗೆ ಎಡಗೆನ್ನೆಯ ಬಣ್ಣ ಇಳಿದರೂ ಬಲಗೆನ್ನೆಯದು ಕೊನೆಯವರೆಗೆ ಅಲುಗುವುದಿಲ್ಲ.

ಅಕ್ಕಿ ಹಿಟ್ಟಿಗೆ ಸುಣ್ಣ ಕಲಸಿ ಚುಟ್ಟಿ ಇಡತೊಡಗುತ್ತೇನೆ. ಒಂದೊಂದೇ ಮುಳ್ಳು ಎದ್ದು ನಿಲ್ಲಬೇಕು. ಬಲಗಡೆ ಕಡ್ಡಿ ತಾಗಿದ್ದು ಗೊತ್ತಾಗುವುದಿಲ್ಲ, ಕನ್ನಡಿಯನ್ನೇ ನಂಬಬೇಕು. ತುಟಿಯ ಆ ಕೊನೆ ಎಳೆದುಕೊಂಡಿದೆ. ನಗು ಒಂದೇ ಕಡೆ ಬರುತ್ತದೆ. ಭಾವವನ್ನೆಲ್ಲ ಕಣ್ಣಿಗೆ, ಕತ್ತಿಗೆ ತಾ ಎಂದು ಗುರುಗಳು ಮೊದಲೇ ಹೇಳಿಕೊಟ್ಟಿದ್ದರು. ಇವತ್ತಿಗೂ ನನ್ನ ರಾವಣನ ಬಲ ಇರುವುದು ಆ ಕತ್ತಿನ ತಿರುವಿನಲ್ಲೇ.

ಚಿಕ್ಕ ಹುಡುಗನೊಬ್ಬ ಬಂದು ಪಕ್ಕದಲ್ಲಿ ಕೂರುತ್ತಾನೆ.

"ಮಾಮ, ಇದೂ ಬಣ್ಣವಾ?"

"ಅಲ್ಲ ಮಗಾ, ಬಿಸಿ ಎಣ್ಣೆ ಬಿದ್ದದ್ದು."

ಮುಟ್ಟಿ ನೋಡಿ, ಕಿರೀಟದ ಕಡೆಗೆ ಓಡುತ್ತಾನೆ. ಶಾಲೆಯಲ್ಲಿ ನನ್ನನ್ನು ಹೀಗೆ ಯಾರೂ ಕೇಳಲಿಲ್ಲ. ನೋಡುತ್ತಿದ್ದರು, ಕಣ್ಣು ಸೇರಿದರೆ ಮುಖ ತಿರುಗಿಸುತ್ತಿದ್ದರು. ಆಮೇಲೆ 1983ರ 'ಅರ್ಧಸತ್ಯ' ನೋಡಿದೆ. ಸಿಡುಬಿನ ಕಲೆಯ ಮುಖ ಹೊತ್ತ ಓಂ ಪುರಿ ನಾಯಕ! ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಚೌಕಿಯ ಬಾಗಿಲಿಗೆ ನನ್ನನ್ನು ತಂದು ಬಿಟ್ಟದ್ದು ಆ ಮುಖ. ಆದರೂ ನನಗೆ ಬಣ್ಣದ ಆಸರೆಯಿದೆ. ಅನ್ಮೋಲ್ ರೋಡ್ರಿಗಸ್‌ಗೆ ಅದೂ ಇರಲಿಲ್ಲ. ತಾಯಿಯ ಮೇಲೆ ತಂದೆ ಎರಚಿದ ಆ್ಯಸಿಡ್ ಎರಡು ತಿಂಗಳ ಆ ಕೂಸಿನ ಮೇಲೂ ಬಿದ್ದಿತ್ತು. ಮುಂಬಯಿಯ ಅನಾಥಾಶ್ರಮದಲ್ಲಿ ಬೆಳೆದು ರೂಪದರ್ಶಿಯಾದ ಆಕೆ 2018ರಲ್ಲಿ 'ಆಂಟೀಜಿ' ಕಿರುಚಿತ್ರದಲ್ಲಿ ಶಬಾನಾ ಆಜ್ಮಿಯ ಜೊತೆ ನಟಿಸಿದಳು. ಬರಿಮುಖದಲ್ಲಿ ಹಾಗೆ ನಿಲ್ಲುವುದು ನನ್ನ ಕೆಲಸಕ್ಕಿಂತ ಎಷ್ಟೋ ದೊಡ್ಡದು.

ಸಂಜೆಯಾಯಿತು. ಭಾಗವತರು ಪದ ಎತ್ತಿದ್ದಾರೆ. ಪ್ರಸಂಗ 'ಪಂಚವಟಿ'. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಶೂರ್ಪನಖಿ ಲಂಕೆಯ ಸಭೆಗೆ ನುಗ್ಗುತ್ತಾಳೆ. ಮೂಗು ಯಾರು ಕೊಯ್ದರೆಂದು ಮೊದಲು ಕೇಳುವುದು ರೂಢಿ. ನಾನು ಆಸನದಿಂದ ಇಳಿದು ಹತ್ತಿರ ಹೋಗುತ್ತೇನೆ.

"ಹೆಸರು ಆಮೇಲೆ ಹೇಳು ತಂಗೀ. ಸೆರಗು ತೆಗೆ, ಅಣ್ಣ ನೋಡುತ್ತಾನೆ."

ಅವಳು ತೆಗೆಯುವುದಿಲ್ಲ. ವೇಷದೊಳಗಿನ ಗೆಳೆಯ ಅಲ್ಲೇ ಅರ್ಥ ಹುಟ್ಟಿಸುತ್ತಾನೆ: "ಕೊಯ್ದಾಗ ಅಳಲಿಲ್ಲ ಅಣ್ಣಯ್ಯಾ. ಬೀದಿಯುದ್ದಕ್ಕೂ ನಮ್ಮವರೇ ನೋಡಿದರಲ್ಲ, ಆಗ ಅಳು ಬಂತು."

ಚೆಂಡೆ ಏರುತ್ತದೆ. ನಾನು ಸಭೆಯ ಕಡೆಗೆ ತಿರುಗುತ್ತೇನೆ.

"ಹಾಗಾದರೆ ರಾಮನ ಮಾತು ಆಮೇಲೆ. ಯಾವ ಬೀದಿ ಅದು? ನಿಂತು ನೋಡಿದವರು ಯಾರು? ಮೊದಲು ಅವರನ್ನು ಕರೆಸಿ!"