ಬಿಸಿನೀರಿನ ಊರಿಗೆ ನಾಲ್ಕು ಟಿಕೆಟ್

ಬೆಂಗಳೂರಿನಿಂದ ಜಪಾನಿಗೆ ಹೋಗೋರ ಪ್ಲಾನ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಟೋಕಿಯೋ, ಫ್ಯೂಜಿ, ಕ್ಯೋಟೋ, ಒಸಾಕಾ, ವಾಪಸ್. ಎಕ್ಸೆಲ್ ಶೀಟಿನಲ್ಲಿ ಗಂಟೆಗೊಂದು ಬಣ್ಣ. ನಮ್ಮನೆಯಲ್ಲೂ ಅಂಥದ್ದೊಂದು ಶೀಟ್ ತಯಾರಾಯ್ತು. ಮಾಡಿದ್ದು ನನ್ನ ಹೆಂಡತಿ, ಅವಳೂ ಐಟಿಯವಳೇ. ಅದರ ನಡುವೆ ಎರಡು ರಾತ್ರಿ ಕೇಳಿ ತಗೊಂಡು, ನಾನು ಒಂದೇ ಹೆಸರು ತುಂಬಿದೆ: ಕಿನೊಸಾಕಿ.

"ಅಲ್ಲಿ ನೋಡೋಕೆ ಏನಿದೆ?" ಅಂದಳು.

"ನೋಡೋಕೆ ಅಲ್ಲ, ಸ್ನಾನ ಮಾಡೋಕೆ."

ಕಿನೊಸಾಕಿ ಜಪಾನಿನ ಹ್ಯೋಗೋ ಪ್ರಾಂತ್ಯದ ಚಿಕ್ಕ ಊರು. ಒಸಾಕಾದಿಂದ ರೈಲಿನಲ್ಲಿ ಸುಮಾರು ಎರಡೂಮುಕ್ಕಾಲು ಗಂಟೆ. ನೆಲದಿಂದ ಬಿಸಿನೀರು ಉಕ್ಕುವ ಊರು. ಅಂಥ ಊಟೆಗೆ ಅಲ್ಲಿ 'ಓನ್ಸೆನ್' ಅಂತಾರೆ. ಊರಿನ ಮಧ್ಯೆ ಒಂದು ಸಣ್ಣ ಹೊಳೆ, ದಂಡೆಯ ಮೇಲೆ ಜೋತುಬಿದ್ದ ವಿಲೋ ಮರಗಳು, ಅಲ್ಲಲ್ಲಿ ಒಟ್ಟು ಏಳು ಸಾರ್ವಜನಿಕ ಸ್ನಾನದ ಮನೆಗಳು. ಉಳಿದುಕೊಂಡ ಹೋಟೆಲಿನವರು ಯುಕಾತ ಅನ್ನೋ ಹತ್ತಿಯ ನಿಲುವಂಗಿ, ನಮ್ಮ ಸ್ವಾಮಿಗಳ ಹಾವುಗೆ ಥರದ ಮರದ ಪಾದರಕ್ಷೆ ಕೊಡ್ತಾರೆ. ಅದನ್ನ ಹಾಕ್ಕೊಂಡು ಟಕಟಕ ಅಂತ ಬೀದಿಯಲ್ಲಿ ನಡೆದು, ಒಂದು ಸ್ನಾನದ ಮನೆಯಿಂದ ಇನ್ನೊಂದಕ್ಕೆ ಹೋಗೋದು. ಅಷ್ಟೇ ಕೆಲಸ. ಇಡೀ ಊರೇ ಒಂದು ಬಚ್ಚಲುಮನೆ ಇದ್ದಂಗೆ.

ಅವ್ವನನ್ನೂ ಕರ್ಕೊಂಡು ಹೋಗೋದು ಅಂತ ಮೊದಲೇ ತೀರ್ಮಾನ ಆಗಿತ್ತು. ಮಂಡಿ ನೋವು, ಬಿಸಿನೀರಿಗೆ ಹಿತ ಅನ್ನಿಸಬಹುದು. ಅಪ್ಪನನ್ನು ಕೇಳಿದ್ರೆ "ಹಸ ಕರೆಯೋರು ಯಾರು?" ಅಂದು ಮಾತು ಮುಗಿಸಿಬಿಟ್ರು. ಅವ್ವನಿಗೆ ಫೋನಿನಲ್ಲಿ ವಿವರಿಸಿದಾಗ ಮೊದಲು ಬಂದ ಮಾತು, "ಬಿಸ್ನೀರ್ ಉಯ್ಕೊಳಾಕೆ ಅಷ್ಟ್ ದೂರ ಹೋಗ್ಬೇಕೇನ್ಲಾ? ಹಂಡೆ ವಲೆಗೆ ಎರಡ್ ಸೌದೆ ಹಾಕುದ್ರೆ ಆಯ್ತದೆ."

ಆಮೇಲೆ ಕಷ್ಟದ ವಿಷಯಕ್ಕೆ ಬಂದೆ. ಅಲ್ಲಿ ಮೈಮೇಲೆ ಬಟ್ಟೆ ಇಟ್ಟುಕೊಂಡು ನೀರಿಗೆ ಇಳಿಯೋ ಹಾಗಿಲ್ಲ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಜಾಗ, ನಿಜ. ಆದ್ರೂ ಗೊತ್ತಿಲ್ಲದವರ ನಡುವೆ ಬರಿಮೈ. ಇಂಗ್ಲಿಷ್ ಸಿನಿಮಾ ನೋಡಿ ಬೆಳೆದ ನನ್ನ ಹೆಂಡತಿ ಇದಕ್ಕೆ ಸುತರಾಂ ಒಪ್ಪಿರಲಿಲ್ಲ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗೋ ಖಾಸಗಿ ತೊಟ್ಟಿ ಹುಡುಕ್ತಾ ಇದ್ದಳು. ಅವ್ವ ಮಾತ್ರ ನಕ್ಕರು. "ನಾವು ಹೊಳೇಲಿ ಹೆಂಗಸ್ರೆಲ್ಲ ಒಟ್ಗೆ ಮೀತಿರ್ಲಿಲ್ವಾ? ಯಾರ್ ಯಾರನ್ನ ನೋಡ್ತಾರೆ ಬುಡು."

ಹೊಳೆ ಅಂದ್ರೆ ಕಾವೇರಿ. ನಮ್ಮೂರು ಹಲಗೂರಿನ ಆಸುಪಾಸು. ನಮ್ಮ ಕಡೆ ಮುಡಿ ಕೊಡೋಕೆ, ಹರಕೆ ತೀರಿಸೋಕೆ ಎಲ್ಲರೂ ಹೋಗೋದು ಕಾಡಿನೊಳಗಿನ ಮುತ್ತತ್ತಿಗೆ. ಸೀತಮ್ಮ ಅಲ್ಲಿ ಹೊಳೆಯಲ್ಲಿ ಸ್ನಾನ ಮಾಡುವಾಗ ಮೂಗುತಿಯ ಮುತ್ತು ನೀರಿಗೆ ಬಿತ್ತಂತೆ, ಹನುಮಂತ ಬಾಲದಿಂದ ಮಡುವನ್ನೆಲ್ಲ ಕಲಕಿ ಎತ್ತಿಕೊಟ್ಟನಂತೆ. ಅದಕ್ಕೇ ಅವನು ಮುತ್ತೆತ್ತಿರಾಯ. ನಮ್ಮ ರಾಜ್‌ಕುಮಾರ್‌ಗೆ ಮುತ್ತುರಾಜ ಅಂತ ಹೆಸರಿಟ್ಟಿದ್ದೂ ಈ ದೇವರದ್ದೇ. ಅಂದ್ರೆ ನಮ್ಮ ದೇವರ ಕತೆ ಶುರುವಾಗೋದೇ ಒಂದು ಸ್ನಾನದಿಂದ.

ಈಗಿನ ಮುತ್ತತ್ತಿಗೆ ವೀಕೆಂಡಿನಲ್ಲಿ ಹೋಗಿದ್ದೀರಾ? ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್. ದಂಡೆಯಲ್ಲಿ ಶಾಂಪೂ ಸ್ಯಾಚೆಟ್ಟು, ಬಿಟ್ಟು ಹೋದ ಬಟ್ಟೆ, ಒಡೆದ ಬಾಟಲಿ. ನೀರು ಮೇಲೆ ಶಾಂತ, ಒಳಗೆ ಸುಳಿ. ಈಜಬೇಡಿ ಅಂತ ಬರೆದ ಬೋರ್ಡಿನ ಪಕ್ಕದಲ್ಲೇ ನೀರಿಗಿಳಿದು ಹೋದ ಹುಡುಗರ ಸುದ್ದಿ ಪೇಪರಿನಲ್ಲಿ ಬರ್ತಾನೇ ಇರುತ್ತೆ.

ಕಿನೊಸಾಕಿಯಂಥ ಊರಿನ ಮೊದಲ ನಿಯಮ, ತೊಟ್ಟಿಗೆ ಇಳಿಯೋ ಮುಂಚೆ ಹೊರಗಡೆ ಪುಟ್ಟ ಸ್ಟೂಲಿನ ಮೇಲೆ ಕೂತು, ಸೋಪು ಹಾಕಿ, ತಲೆಯಿಂದ ಕಾಲಿನವರೆಗೆ ಉಜ್ಜಿ ತೊಳ್ಕೋಬೇಕು. ನೊರೆಯ ಒಂದು ಹನಿಯೂ ತೊಟ್ಟಿಗೆ ಹೋಗೋ ಹಾಗಿಲ್ಲ. ಕೈಲಿರೋ ಟವೆಲ್ಲೂ ನೀರಿಗೆ ತಾಗಬಾರದು, ಮಡಚಿ ತಲೆ ಮೇಲೆ ಇಟ್ಕೋತಾರೆ. ಉದ್ದ ಕೂದಲಿದ್ರೆ ಎತ್ತಿ ಕಟ್ಟಬೇಕು. ಅವರು ತೊಳ್ಕೊಂಡು ನೀರಿಗೆ ಇಳೀತಾರೆ. ನಾವು ತೊಳ್ಕೊಳ್ಳೋಕೆ ನೀರಿಗೆ ಇಳೀತೀವಿ.

ಇಷ್ಟು ಹೇಳಿ ನಿಲ್ಲಿಸಿದ್ರೆ ಇದೂ ವಾಟ್ಸ್ಯಾಪ್ ಫಾರ್ವರ್ಡ್ ಆಗುತ್ತೆ: ಜಪಾನಿನವರು ಹುಟ್ಟಾ ಶಿಸ್ತಿನವರು, ನಾವು ಹುಟ್ಟಾ ಕೆಟ್ಟವರು. ಆದ್ರೆ ಆ ಊರಿನ ಚರಿತ್ರೆ ಓದಿದ್ರೆ ಬೇರೆಯದೇ ಕತೆ ಸಿಗುತ್ತೆ. 1925ರಲ್ಲಿ ಭೂಕಂಪ ಆಗಿ, ಬೆಂಕಿ ಬಿದ್ದು ಊರು ನಾಶವಾಯ್ತು. ಮತ್ತೆ ಕಟ್ಟಿಕೊಳ್ಳುವ ಹೊತ್ತಿನಲ್ಲಿ, 1927ರಲ್ಲಿ ಒಂದು ಹಳೆಯ ವಸತಿಗೃಹದವರು ತಮ್ಮ ಕಟ್ಟಡದೊಳಗೇ ಸ್ವಂತದ ಬಿಸಿನೀರಿನ ತೊಟ್ಟಿ ಮಾಡಿಕೊಳ್ಳೋಕೆ ಹೊರಟರು. ಊರಿನವರು ತಿರುಗಿ ಬಿದ್ದರು. ಒಬ್ಬೊಬ್ಬರೂ ತಮ್ಮ ನೆಲದಲ್ಲಿ ತೋಡಿ ಎಳೆದುಕೊಂಡ್ರೆ ಊರಿನ ಸ್ನಾನದ ಮನೆಗಳ ಗತಿ ಏನು? ನೆಲ ನಿಂದಿರಬಹುದು, ನೆಲದಡಿಯ ನೀರೂ ನಿಂದೇನಾ? ಕೋರ್ಟು ಹತ್ತಿದ ಈ ಜಗಳ ರಾಜಿಯಲ್ಲಿ ಮುಗಿದಿದ್ದು 1950ರಲ್ಲಿ. 23 ವರ್ಷ! ಬಿಸಿನೀರು ಊರಿನದ್ದು, ಒಳಗೆ ತೊಟ್ಟಿ ಇಟ್ಟುಕೊಳ್ಳಬಹುದು, ಆದ್ರೆ ಮಿತಿಯೊಳಗೆ ಅಂತ ಒಪ್ಪಂದ ಆಯ್ತು. ಮುಂದೆ ಊಟೆಗಳ ನೀರನ್ನು ಒಂದೆಡೆ ಸೇರಿಸಿ ಪೈಪಿನಲ್ಲಿ ಹಂಚುವ ವ್ಯವಸ್ಥೆಯೂ ಬಂತು. ಅಂದ್ರೆ ಹೋಟೆಲಿನವರು ಕೈಗೆ ಟವೆಲ್ಲು ಕೊಟ್ಟು ಬೀದಿಗೆ ಕಳಿಸೋದು ಬರೀ ಸಂಸ್ಕೃತಿ ಅಲ್ಲ, ಕಿತ್ತಾಡಿ, ಸುಸ್ತಾಗಿ, ಕೂತು ಮಾತಾಡಿದ್ದರ ಫಲ.

ಇದು ನನಗೆ ತಟ್ಟಿದ್ದು ನಾನು ಮಂಡ್ಯದವನಾದ್ದರಿಂದ. ನೀರಿನ ಜಗಳ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾವೇರಿ ನ್ಯಾಯಮಂಡಳಿ ಆಗಿದ್ದು 1990ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪು ಬಂದಿದ್ದು 2018ರಲ್ಲಿ. ಬೆಂಗಳೂರಿಗೆ ಕಾವೇರಿ ನೀರು ಪಂಪ್ ಆಗೋದು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ದಿನಕ್ಕೆ 77.5 ಕೋಟಿ ಲೀಟರಿನ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯ್ತು. ನಾನು ಕೆಲಸ ಹುಡುಕ್ಕೊಂಡು ಬಂದ ದಾರಿಯಲ್ಲೇ ನಮ್ಮ ತಾಲ್ಲೂಕಿನ ನೀರೂ ಬಂದು, ನನ್ನ ಫ್ಲಾಟಿನ ಗೀಸರಿನಲ್ಲಿ ಬಿಸಿಯಾಗುತ್ತೆ. ನಾಲ್ಕು ನಿಮಿಷದ ಸ್ನಾನ, ಆಮೇಲೆ ಸ್ಟ್ಯಾಂಡಪ್ ಕಾಲ್.

ಹಾಗಂತ ಬಿಸಿನೀರಿನ ಊಟೆ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಪುತ್ತೂರಿನ ಹತ್ತಿರ ಇರ್ದೆಯಲ್ಲಿ, ಸೀರೆ ಹೊಳೆಯ ಪಕ್ಕ, ಬೆಂದ್ರ್ ತೀರ್ಥ ಇದೆ. ಗಂಧಕದ ವಾಸನೆಯ ಬೆಚ್ಚನೆ ನೀರು. ಸುತ್ತಮುತ್ತ ಕೊಳವೆಬಾವಿ ಹೆಚ್ಚಾದ ಮೇಲೆ ಅದು ಸೊರಗಿತು ಅನ್ನೋ ಮಾತಿದೆ.

ಕೊಳವೆಬಾವಿ ಅಂದಾಗ ನಮ್ಮನೆ ಕತೆಯನ್ನೂ ಹೇಳಬೇಕು. ಹನ್ನೊಂದು ವರ್ಷದ ಹಿಂದೆ ದೊಡ್ಡಪ್ಪ ಅವರ ಹೊಲದ ಬದುವಿನಲ್ಲಿ ಬೋರು ಕೊರೆಸಿದರು. ಆ ಬೇಸಿಗೆಯಲ್ಲಿ ನಮ್ಮ ಬೋರು ಗಾಳಿ ಉಗುಳೋಕೆ ಶುರುಮಾಡ್ತು. ಅಪ್ಪ ಇನ್ನೂ ಆಳಕ್ಕೆ ಕೊರೆಸಿದರು. ಮುಂದಿನ ಬೇಸಿಗೆಗೆ ದೊಡ್ಡಪ್ಪನದು ಒಣಗಿತು. ಕೋರ್ಟಿಗೇನೂ ಹೋಗಲಿಲ್ಲ, ಮಾತು ಬಿಟ್ಟರು. ಬಾಗಿಲು ಎದುರುಬದುರು. ಈಗ ಎರಡು ಬೋರಿನಲ್ಲೂ ಹೇಳಿಕೊಳ್ಳೋ ಅಷ್ಟು ನೀರಿಲ್ಲ, ಮಾತು ಮಾತ್ರ ಇನ್ನೂ ಬಂದಿಲ್ಲ.

ಪ್ಲಾನ್ ಈಗ ಹೀಗಿದೆ. ನವೆಂಬರಿನಿಂದ ಏಡಿ ತಿನ್ನೋರ ಸೀಸನ್ನು, ರೇಟು ಏರುತ್ತೆ, ಅದಕ್ಕೇ ಅಕ್ಟೋಬರ್. ಅಲ್ಲಿ ಊಟದಲ್ಲಿ ಹಸಿ ಮೀನು, ದನದ ಮಾಂಸ ಇರ್ತವೆ, ಬೇಡ ಅಂತ ಬುಕಿಂಗ್ ಮಾಡುವಾಗಲೇ ಬರೆದು ತಿಳಿಸಬೇಕು. ಅವ್ವನ ಬ್ಯಾಗಿಗೆ ರಾಗಿ ಹುರಿಹಿಟ್ಟು. ತೊಟ್ಟಿಯ ನೀರು 42 ಡಿಗ್ರಿ ಆಸುಪಾಸು ಇರುತ್ತೆ, ಬಿಪಿ ಇರೋ ಅವ್ವ ಡಾಕ್ಟರನ್ನು ಕೇಳಿಯೇ ಇಳಿಯೋದು, ಇಳಿದ್ರೂ ಐದು ನಿಮಿಷಕ್ಕೆ ಎದ್ದು ಬರೋದು. ಏಳರಲ್ಲಿ ಎರಡು ಸ್ನಾನದ ಮನೆ ಆದ್ರೆ ಸಾಕು. ಆ ಎರಡು ದಿನದ ಕಾಲಮ್ಮಿಗೆ ಬಣ್ಣ ಹಾಕೋದು ಬೇಡ ಅಂತ ಹೆಂಡತಿಯೂ ಒಪ್ಪಿದ್ದಾಳೆ. ಹೊರಡೋ ಮುಂಚೆ ಮುತ್ತತ್ತಿಗೆ ಹೋಗಿ ಕೈಮುಗಿದು ಬರಬೇಕು ಅನ್ನೋದು ಅವ್ವನ ಕಂಡೀಷನ್.

ಇನ್ನೊಂದು ಕಂಡೀಷನ್ ಹೋದ ವಾರ ಬಂತು. ಫೋನ್ ಇಡೋ ಮುಂಚೆ, ಏನೂ ಅಲ್ಲ ಅನ್ನೋ ಹಾಗೆ ಅವ್ವ ಅಂದರು: "ನಿಮ್ ದೊಡ್ಡವ್ವುಂಗೂ ಮಂಡಿ ನೋವು ಕಣ್ಲಾ. ಒಬ್ಳೇ ಆ ಹೆಂಗಸ್ರ ನಡ್ವೆ ನಾನೇನ್ ಮಾಡ್ಲಿ? ಬೆನ್ನುಜ್ಜಾಕೆ ಒಬ್ರು ಬ್ಯಾಡ್ವಾ?"

"ಅಪ್ಪ ಏನಂತಾರೆ?"

"ಅವ್ರ್ನ ಕೇಳೋರ್ಯಾರು? ಅವ್ರೇನ್ ಬತ್ತಾವ್ರಾ?"

ದೊಡ್ಡವ್ವನ ಹತ್ರ ಪಾಸ್‌ಪೋರ್ಟ್ ಇಲ್ಲ. ಆಧಾರಿನಲ್ಲಿ ಒಂದು ಹುಟ್ಟಿದ ದಿನ, ವೋಟರ್ ಕಾರ್ಡಿನಲ್ಲಿ ಇನ್ನೊಂದು. ಸರಿಮಾಡಿಸೋಕೆ ನಾಡಿದ್ದು ಶನಿವಾರ ಊರಿಗೆ ಹೊರಟಿದ್ದೀನಿ. ಕಾಗದಪತ್ರ ತಗೊಳ್ಳೋಕೆ ಎದುರುಮನೆ ಬಾಗಿಲು ತಟ್ಟಲೇಬೇಕು. ದೊಡ್ಡಪ್ಪನೇ ಬಾಗಿಲು ತೆಗೆದ್ರೆ ಮಾತು ಎಲ್ಲಿಂದ ಶುರುಮಾಡೋದು ಅನ್ನೋದೊಂದು ಮಾತ್ರ ಶೀಟಿನಲ್ಲಿ ಇನ್ನೂ ತುಂಬಿಲ್ಲ.