ಒಂದು ಡೊಂಬಿವಲಿಯಲ್ಲಿ, ಒಂದು ಧಾರವಾಡದಲ್ಲಿ

ಊರು ಬಿಟ್ಟು ಬಂದವರ ಮನೆಯ ಕಾಗದಪತ್ರಗಳದ್ದೇ ಒಂದು ಕಥೆ. ಹೊಲದ ಉತಾರ ಊರಿನ ಟ್ರಂಕಿನಲ್ಲಿ, ಅದರ ಝೆರಾಕ್ಸ್ ಇಲ್ಲಿಯ ಕಪಾಟಿನಲ್ಲಿ. ಮಕ್ಕಳ ಜಾತಕ ಅಲ್ಲಿ, ಶಾಲೆಯ ದಾಖಲೆ ಇಲ್ಲಿ. ಬೇಕಾದ ಹೊತ್ತಿಗೆ ಬೇಕಾದದ್ದು ಇನ್ನೊಂದು ಊರಲ್ಲೇ ಇರುತ್ತದೆ ಎಂದು ನಾವು ಹೊರನಾಡಿನವರು ಗೊಣಗುತ್ತೇವೆ. ಆದರೆ ಈ ಪದ್ಧತಿಯಲ್ಲಿ ಒಂದು ಜಾಣತನವೂ ಉಂಟು. ಒಂದು ಮನೆಗೆ ಏನಾದರೂ ಆದರೆ ಇನ್ನೊಂದು ಮನೆಯಲ್ಲಿ ಒಂದು ಪ್ರತಿ ಉಳಿದಿರುತ್ತದೆ. ಅದೇ ಪದ್ಧತಿಯನ್ನು ನಾನು ಕಂಪ್ಯೂಟರಿಗೂ ಹಚ್ಚಿದ್ದೇನೆ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಟಿ.ವಿ.ಯ ಹಿಂದೆ ಒಂದು ಕರಿ ಪೆಟ್ಟಿಗೆ ಇದೆ. ಅದಕ್ಕೆ ನ್ಯಾಸ್ ಎನ್ನುತ್ತಾರೆ. ಮನೆಯ ನೆಟ್‌ವರ್ಕಿಗೆ ಜೋಡಿಸಿದ ಕಡತಗಳ ಉಗ್ರಾಣ ಎನ್ನಿ. ಮನೆಯವರೆಲ್ಲರ ಮೊಬೈಲು, ಕಂಪ್ಯೂಟರುಗಳ ಫೋಟೋ, ಕಡತಗಳು ಅದರೊಳಗೆ ಹೋಗಿ ಕೂಡುತ್ತವೆ. ಒಟ್ಟು 1.4 ಟೆರಾಬೈಟ್ ಆಗಿದೆ. ಹೆಚ್ಚಿನದೆಲ್ಲ ಫೋಟೋ, ವಿಡಿಯೋ. ಆದರೆ ನನ್ನ ಜೀವ ಇರುವುದು ಅದರ ಒಂದು ಸಣ್ಣ ಮೂಲೆಯಲ್ಲಿ. ಅಲ್ಲಿ ಅಪ್ಪನ 38 ಕ್ಯಾಸೆಟ್ಟುಗಳಿವೆ.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ನಾನು ಮುಂಬೈಗೆ ಬಂದ ಮೇಲೆ ಪತ್ರದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಮಳೆ ಎಷ್ಟಾಯಿತು, ಯಾರ ಲಗ್ನ ಗೊತ್ತಾಯಿತು, ಯಾವ ಹುಡುಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ, ಎಲ್ಲ ವರದಿ. ನಡುವೆ ಅಡಿಗೆಮನೆಯಿಂದ ಅವ್ವ, “ಊಟಾ ಸರಿಯಾಗಿ ಮಾಡ್ತಾನೋ ಇಲ್ಲೋ, ಅದನ್ನ ಮೊದಲ ಕೇಳ್ರಿ” ಎಂದು ಕೂಗುವುದೂ ಅದರಲ್ಲಿದೆ. ಈಗ ಇಬ್ಬರೂ ಇಲ್ಲ. ಟೇಪುಗಳು ಅಂಟಿಕೊಂಡು ಕೆಟ್ಟಿವೆ. ಕಂಪ್ಯೂಟರಿಗೆ ಇಳಿಸಿಕೊಂಡದ್ದೇ ಈಗ ಮೂಲಪ್ರತಿ.

“ನಿಮ್ಮ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇದೆಯಲ್ಲ, ಇನ್ನೇನು ಚಿಂತೆ?” ಎಂದು ಗೆಳೆಯರು ಕೇಳುತ್ತಾರೆ. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಮೂಡುವ ಈ ಏರ್ಪಾಟಿಗೆ ರೇಡ್ ಎಂದು ಹೆಸರು. ಉಪ್ಪಿನಕಾಯಿಯನ್ನು ಎರಡು ಭರಣಿಯಲ್ಲಿ ಹಾಕಿ ಒಂದೇ ಹಲಗೆಯ ಮೇಲೆ ಇಟ್ಟ ಹಾಗೆ ಅದು. ಒಂದು ಭರಣಿ ಸೀಳಿದರೆ ಇನ್ನೊಂದು ಉಂಟು. ಹಲಗೆಯೇ ಕುಸಿದರೆ? ಕಳ್ಳ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರೆ? ಯಾರೋ ಕಡತವೊಂದನ್ನು ಅಳಿಸಿದರೆ ರೇಡ್ ಅದನ್ನು ಎರಡೂ ಡಿಸ್ಕಿನಿಂದ ವಿಧೇಯವಾಗಿ ಅಳಿಸುತ್ತದೆ.

ನೀರಿನ ಭಯ ಮುಂಬೈಯವರಿಗೆ ಹೇಳಿಕೊಡಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಆಗ ನಾವು ಕಲೀನಾದಲ್ಲಿ ಎರಡನೆಯ ಮಹಡಿಯಲ್ಲಿದ್ದೆವು. ನೆಲಮಹಡಿಯಲ್ಲಿದ್ದ ಉಡುಪಿ ಕಡೆಯ ದಂಪತಿಯ ಮನೆಯೊಳಗೆ ಎದೆಮಟ್ಟ ನೀರು. ಮಳೆ ಬಿಟ್ಟ ಮೇಲೆ ಆ ಅಕ್ಕ ಮದುವೆಯ ಆಲ್ಬಮನ್ನು ಗಚ್ಚಿಯ ಮೇಲೆ ಬಿಸಿಲಿಗೆ ಹರಡಿಕೊಂಡು ಕೂತಿದ್ದರು. ಒಂದು ಫೋಟೋ ಬಿಡಿಸಲು ಹೋದರೆ ಮುಖಗಳು ಪಕ್ಕದ ಫೋಟೋಕ್ಕೆ ಅಂಟಿಕೊಂಡು ಬರುತ್ತಿದ್ದವು. ಫ್ರಿಜ್ಜು, ಟಿ.ವಿ. ಮುಂದೆ ಮತ್ತೆ ಬಂದವು. ಆಲ್ಬಮಿಗೆ ಇನ್ನೊಂದು ಪ್ರತಿ ಇರಲಿಲ್ಲ.

ಹೀಗಾಗಿ ಎರಡನೆಯ ಪೆಟ್ಟಿಗೆ ಬೇರೆ ಊರಲ್ಲೇ ಇರಬೇಕೆಂದು ನಿಶ್ಚಯಿಸಿದೆ. ಧಾರವಾಡದಲ್ಲಿ ಅಣ್ಣನ ಮನೆ ಇದೆ, ಇಂಟರ್‌ನೆಟ್ಟೂ ಇದೆ. ಆದರೆ 1.4 ಟೆರಾಬೈಟನ್ನು ಸೆಕೆಂಡಿಗೆ 20 ಮೆಗಾಬಿಟ್ ಕಳಿಸುವ ಲೈನಿನಲ್ಲಿ ದಾಟಿಸಲು ಎಡೆಬಿಡದೆ ಆರೂವರೆ ದಿನ ಬೇಕು. ಅದೇ ಎರಡೂ ಪೆಟ್ಟಿಗೆಗಳನ್ನು ಮನೆಯ ರೌಟರಿಗೇ ತಂತಿಯಿಂದ ಜೋಡಿಸಿದರೆ ನಾಲ್ಕೈದು ತಾಸಿನ ಕೆಲಸ. ಆದ್ದರಿಂದ ಮೊದಲ ಪ್ರತಿಯನ್ನು ಡೊಂಬಿವಲಿಯಲ್ಲೇ ತೆಗೆದೆ. ಆಮೇಲೆ ಪೆಟ್ಟಿಗೆಯನ್ನು ಅವ್ವ ಹೊಲಿದ ಕೌದಿಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ರೈಲು ಹತ್ತಿದೆ. ಊರಿಂದ ಕೌದಿ ತರುವುದು ವಾಡಿಕೆ. ಈ ಸಲ ಕೌದಿ ಊರಿಗೆ ಹೊರಟಿತ್ತು.

ಅಣ್ಣ ಪೆಟ್ಟಿಗೆ ನೋಡಿ, “ಏನೋ ತಮ್ಮಾ, ಇದಕ್ಕ ಏನ್ ಉಣಸಬೇಕು?” ಎಂದ. ಕರೆಂಟು, ಇಂಟರ್‌ನೆಟ್ಟು, ಒಂದು ಸಣ್ಣ ಯುಪಿಎಸ್ಸು, ಇಷ್ಟೇ ಎಂದೆ.

ದಿನನಿತ್ಯದ ಕೆಲಸ ಇನ್ನೂ ಸರಳ. ಎರಡೂ ಪೆಟ್ಟಿಗೆ ಒಂದೇ ಕಂಪನಿಯವಾದರೆ ಸಾಮಾನ್ಯವಾಗಿ ಅವುಗಳಲ್ಲೇ ಬ್ಯಾಕಪ್ ತಂತ್ರಾಂಶ ಇರುತ್ತದೆ. ಸಮಯ ಗೊತ್ತುಮಾಡಿ ಬಿಟ್ಟರಾಯಿತು. ನಮ್ಮವು ಬೇರೆ ಬೇರೆ ಕಂಪನಿಯವು. ಅದಕ್ಕೆ ಆರ್‌ಸಿಂಕ್ ಇದೆ. ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕರಸ್ ಇದನ್ನು 1996ರಲ್ಲಿ ಬಿಡುಗಡೆ ಮಾಡಿದರು. ಅದು ಕಡತದ ಗಾತ್ರ ಮತ್ತು ಕೊನೆಗೆ ತಿದ್ದಿದ ಸಮಯ ನೋಡುತ್ತದೆ. ಎರಡೂ ಕಡೆ ಒಂದೇ ಇದ್ದರೆ ಮುಟ್ಟುವುದಿಲ್ಲ. ದೊಡ್ಡ ಕಡತದಲ್ಲಿ ಅಲ್ಪಸ್ವಲ್ಪ ಬದಲಾಗಿದ್ದರೆ ಬದಲಾದ ತುಂಡನ್ನಷ್ಟೇ ಸಾಗಿಸುತ್ತದೆ. ರಾತ್ರಿ ಎರಡಕ್ಕೆ ಶುರುವಾದರೆ ಸಾಮಾನ್ಯವಾಗಿ ಕಾಲು ತಾಸಿನಲ್ಲಿ ಮುಗಿಯುತ್ತದೆ. ನಡುವೆ ಕರೆಂಟು ಹೋದರೆ ಉಳಿದದ್ದು ಮರುದಿನ ರಾತ್ರಿ.

ಇಲ್ಲಿ ಎರಡು ಸಂಗತಿ ನೆನಪಿಡಬೇಕು. ಒಂದು, ಇಲ್ಲಿಂದ ಅಲ್ಲಿಗೆ ತಳ್ಳುವ ಬದಲು ಧಾರವಾಡದ ಪೆಟ್ಟಿಗೆಯೇ ಬಂದು ಎಳೆದುಕೊಳ್ಳಲಿ. ಅದಕ್ಕೆ ಇಲ್ಲಿ ಓದುವ ಅಧಿಕಾರ ಮಾತ್ರ ಕೊಟ್ಟಿದ್ದೇನೆ. ಇಲ್ಲಿಯ ಪೆಟ್ಟಿಗೆಗೆ ಅಲ್ಲಿ ಬರೆಯುವ ಅಧಿಕಾರವೇ ಇಲ್ಲ, ಆದ್ದರಿಂದ ಇಲ್ಲಿ ಯಾವುದಾದರೂ ದುಷ್ಟ ತಂತ್ರಾಂಶ ಹೊಕ್ಕರೂ ನೇರ ಅಲ್ಲಿಗೆ ಕೈಚಾಚಲಾರದು. ಎರಡು, ಇಲ್ಲಿ ಕೆಟ್ಟ ಕಡತ ಅಲ್ಲಿಯ ಒಳ್ಳೆಯ ಕಡತದ ಮೇಲೆ ಹೋಗಿ ಕೂರಬಾರದು. ಅದಕ್ಕಾಗಿ ಧಾರವಾಡದ ಪೆಟ್ಟಿಗೆ ಪ್ರತಿದಿನ ಒಂದು ಸ್ನ್ಯಾಪ್‌ಶಾಟ್ ತೆಗೆದು 30 ದಿನ ಇಟ್ಟುಕೊಳ್ಳುತ್ತದೆ. ಬದಲಾದದ್ದಕ್ಕಷ್ಟೇ ಜಾಗ ಹಿಡಿಯುವುದರಿಂದ ಅದೇನು ಭಾರವಲ್ಲ.

ಇನ್ನು ದಾರಿಯ ಮಾತು. ರೌಟರಿನಲ್ಲಿ ಬಾಗಿಲು ತೆರೆದಿಟ್ಟು ಪೆಟ್ಟಿಗೆಯನ್ನು ಇಂಟರ್‌ನೆಟ್ಟಿಗೆ ಒಡ್ಡಬೇಡಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ತಂತ್ರಾಂಶ ಹಾಗೆ ತೆರೆದಿದ್ದ ಸಾವಿರಾರು ಪೆಟ್ಟಿಗೆಗಳ ಕಡತಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ಕೇಳಿತು. ವೈರ್‌ಗಾರ್ಡ್‌ನಂಥ ವಿಪಿಎನ್ ಎರಡು ಮನೆಗಳ ನಡುವೆ ಖಾಸಗಿ ಸುರಂಗ ತೋಡುತ್ತದೆ. ಎಷ್ಟೋ ಇಂಟರ್‌ನೆಟ್ ಸಂಪರ್ಕಗಳಲ್ಲಿ ಮನೆಗೆ ಸ್ವಂತ ವಿಳಾಸವೇ ಇರುವುದಿಲ್ಲ. ಅಂಥಲ್ಲಿ ಅದರ ಮೇಲೆಯೇ ಕಟ್ಟಿದ ಟೇಲ್‌ಸ್ಕೇಲ್ ಸುಲಭ.

ಕೊನೆಯದು ಪರೀಕ್ಷೆ. ಪ್ರತಿ ತಿಂಗಳ ಮೊದಲ ರವಿವಾರ ಅಲ್ಲಿಂದ ಯಾವುದಾದರೂ ಒಂದು ಕಡತ ತೆಗೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ಪನ್ನು ನಂಬಿ ಕೂರಬಾರದು. ಈ ಕೆಲಸ ಅಣ್ಣನಿಗೆ ವಹಿಸಿದೆ. ಮೊದಲ ರವಿವಾರ ಅವನು ತೆಗೆದದ್ದು ಹನ್ನೊಂದನೆಯ ಕ್ಯಾಸೆಟ್ಟು. ಅರ್ಧ ತಾಸಿನ ಮೇಲೆ ಫೋನು ಬಂತು.

“ಸರಿ ಕೇಳಸ್ತದೇನೋ ಅಣ್ಣಾ?”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಮನ್ಯಾಗ ಇದ್ದಾವಗ ಅಪ್ಪ ಯಾಕ ಕ್ಯಾಸೆಟ್ ಮಾಡ್ತಿದ್ದ? ನನ್ನ ಕಡೆ ಅವನ ದನಿ ಒಂದೂ ಇದ್ದಿದ್ದಿಲ್ಲ ನೋಡು,” ಎಂದ.

ಊರು ಬಿಟ್ಟವನಿಗೆ ಬಂದ ಮಾತುಗಳೆಲ್ಲ ನನ್ನಲ್ಲಿದ್ದವು. ಅಪ್ಪ, ಅವ್ವನನ್ನು ಕೊನೆತನಕ ನೋಡಿಕೊಂಡ ಅಣ್ಣನ ಹತ್ತಿರ ಒಂದೂ ಇರಲಿಲ್ಲ. ಬ್ಯಾಕಪ್ ಎಂದು ನಾನು ಒಯ್ದು ಇಟ್ಟದ್ದನ್ನು ಈಗ ಅಣ್ಣ ತಿಂಗಳಿಗೊಂದು ಲೆಕ್ಕ ಇಟ್ಟುಕೊಳ್ಳದೆ ಕೇಳುತ್ತಾನೆ. ಮೊನ್ನೆಗೆ ಇಪ್ಪತ್ತೇಳನೆಯದು ಮುಗಿಯಿತಂತೆ.