ಯಾದವಗಿರಿಯ ಗಾಡಿ, ಮಂಡಿ ಮೊಹಲ್ಲಾದ ಕೈ

ಕಡಲ ತೀರದ ಊರುಗಳಲ್ಲಿ ಹಾಯಿ ಹರಿದ ಹಳೇ ದೋಣಿಯನ್ನು ಅಗ್ಗಕ್ಕೆ ಕೊಂಡು, ಹಲಗೆ ಬದಲಿಸಿ ಮತ್ತೆ ನೀರಿಗಿಳಿಸುವ ಹುಚ್ಚಿನವರು ಇರುತ್ತಾರೆ. ಮೈಸೂರಿಗೆ ಕಡಲಿಲ್ಲ. ಆ ಹುಚ್ಚು ಇಲ್ಲಿ ಜಾವಾ, ಯೆಜ್ಡಿ ಗಾಡಿಗಳಿಗೆ ಅಂಟಿಕೊಂಡಿತು. ಅವು ತಯಾರಾಗುತ್ತಿದ್ದದ್ದೇ ನಮ್ಮ ಯಾದವಗಿರಿಯಲ್ಲಲ್ಲವೇ?

1950ರ ದಶಕದಲ್ಲಿ ವಿದೇಶಿ ಮೋಟರ್‌ಸೈಕಲ್‌ಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿತು. ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ಬೊಂಬಾಯಿಗೆ ತರಿಸಿ ಮಾರುತ್ತಿದ್ದ ಇರಾನಿ ಮನೆತನದವರು ಆಗ ಅವನ್ನು ಇಲ್ಲೇ ತಯಾರಿಸಲು ಹೊರಟರು. ರುಸ್ತುಂ ಇರಾನಿ, ಫರೂಖ್ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಅಂದು ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1961ರಿಂದ ಗಾಡಿಗಳು ಹೊರಬರತೊಡಗಿದವು. 1973ರ ಸುಮಾರಿಗೆ ಜೆಕ್ ಪರವಾನಗಿ ಮುಗಿದು ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು. ಊರಿನ ಬಾಯಲ್ಲಿ ಕಾರ್ಖಾನೆ ಮಾತ್ರ ಕೊನೆಯವರೆಗೂ ಜಾವಾ ಫ್ಯಾಕ್ಟರಿಯೇ. ಹುಡುಗ ಜಾವಾದಲ್ಲಿದ್ದಾನೆ ಅಂದರೆ ಹೆಣ್ಣಿನ ಕಡೆಯವರು ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ. ನನ್ನ ಶಾಲೆಯ ದಿನಗಳಲ್ಲಿ ಬೀದಿಗೊಬ್ಬರಾದರೂ ಅಲ್ಲಿಯ ನೌಕರರಿದ್ದರು. ಸಂಜೆ ಪಾಳಿ ಬಿಟ್ಟಾಗ ಸೈಕಲ್ಲುಗಳ ಸಾಲು ರಸ್ತೆ ತುಂಬಿಕೊಂಡು ಬರುತ್ತಿತ್ತು. ಮೋಟರ್‌ಸೈಕಲ್ ಮಾಡುವವರು ಸೈಕಲ್ ತುಳಿಯುವುದು ನಮಗೆ ವಿಚಿತ್ರವಾಗಿಯೇನೂ ಕಾಣುತ್ತಿರಲಿಲ್ಲ.

ಗಾಡಿಗೆ ತನ್ನದೇ ಚಾಳಿಗಳಿದ್ದವು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಎಡಗಡೆಯ ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್. ಕ್ಲಚ್ ಹಿಡಿಯದೆ ಕಾಲಲ್ಲೇ ಗೇರ್ ಬದಲಿಸಬಹುದಿತ್ತು. ಹಳೇ ಜಾವಾಕ್ಕೆ ಮೊಳೆಯಂಥ ಬೀಗದಕೈ; ನಿಜವಾದ ಮೊಳೆ ತೂರಿಸಿ ಸ್ಟಾರ್ಟ್ ಮಾಡಿದವರನ್ನೂ ಕಂಡಿದ್ದೇನೆ. ಚೈನಿಗೆ ಪೂರ್ತಿ ತಗಡಿನ ಹೊದಿಕೆ ಇದ್ದದ್ದರಿಂದ ಪಂಚೆ, ಸೀರೆಗಳಿಗೆ ಗ್ರೀಸ್ ಮೆತ್ತುವ ಭಯವಿರಲಿಲ್ಲ. ಎರಡು ದೊಡ್ಡ ಹಾಲಿನ ಕ್ಯಾನುಗಳನ್ನು ಇಳಿಬಿಟ್ಟುಕೊಂಡು ಹಳ್ಳಿಯಿಂದ ಬರುತ್ತಿದ್ದವರಿಗೆ ಆ 250 ಸಿಸಿ ಎಂಜಿನ್ ಹೇಳಿ ಮಾಡಿಸಿದಂತಿತ್ತು.

1980ರ ದಶಕದ ನಡುವೆ ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100, ಸುಜುಕಿ, ಕವಾಸಕಿ ಎಂದು ಜಪಾನಿನ ಕೈವಾಡದ 100 ಸಿಸಿ ಗಾಡಿಗಳು ಸಾಲಾಗಿ ಬಂದವು. ಅವುಗಳ ಮೈಲೇಜಿನ ಎದುರು ಯೆಜ್ಡಿ ಕುಡುಕನಂತೆ ಕಂಡಿತು. 1996ರಲ್ಲಿ ಹೊಗೆಯ ನಿಯಮಗಳೂ ಬಿಗಿಯಾದವು. ಅದೇ ವರ್ಷ ಕಾರ್ಖಾನೆ ಮುಚ್ಚಿತು. ಹಾಗೆಂದು ಹೊಗೆಯೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ಕೊಳ್ಳುವವರು ಅಷ್ಟರಲ್ಲಾಗಲೇ ಬೇರೆ ಷೋರೂಮುಗಳ ಕಡೆ ನಡೆದುಬಿಟ್ಟಿದ್ದರು.

ಹಳೇ ಗಾಡಿಗಳ ಸುಗ್ಗಿ ಶುರುವಾದದ್ದು ಆಮೇಲೆ. ದನದ ಕೊಟ್ಟಿಗೆ, ವಠಾರದ ಮೆಟ್ಟಿಲ ಕೆಳಗಿನ ಜಾಗ, ಹಿತ್ತಲ ನುಗ್ಗೆಮರದ ಬುಡ, ಎಲ್ಲೆಂದರಲ್ಲಿ ಯೆಜ್ಡಿಗಳು ನಿಂತಿದ್ದವು. ಸೀಟಿನ ಮೇಲೆ ಕೋಳಿ, ಹೆಡ್‌ಲೈಟಿನೊಳಗೆ ಕಣಜ. ಗುಜರಿಯವರು ತೂಕದ ಲೆಕ್ಕದಲ್ಲಿ ಎತ್ತಿಕೊಂಡು ಹೋಗುತ್ತಿದ್ದರು. ಸಾವಿರ, ಸಾವಿರದೈನೂರಕ್ಕೆ ಗಾಡಿ ನಿಮ್ಮದು. ನಾನು ಕೊಂಡದ್ದು ಅಗ್ರಹಾರದ ಒಂದು ಮನೆಯಲ್ಲಿದ್ದ ಜಾವಾ, ನಂಬರಿನ ಮೊದಲಿಗೆ ಇನ್ನೂ ಹಳೇ ಮೈಸೂರು ರಾಜ್ಯದ ‘ಎಂವೈ’ ಅಕ್ಷರಗಳು. ಯಜಮಾನರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಹೆಂಡತಿ ನೆನಪು, ಕಣ್ಣೀರು ಎಂದು ಏನೂ ಶುರುಮಾಡಲಿಲ್ಲ. “ಗುಜರಿಯವನು ನಿನಗಿಂತ ಇನ್ನೂರು ಜಾಸ್ತಿ ಕೊಡ್ತೀನಿ ಅಂದಿದ್ದಾನಪ್ಪ, ನೋಡು” ಅಂದರು. ಇನ್ನೂರು ಸೇರಿಸಿ ಕೊಟ್ಟೆ. ಆರ್‌ಸಿ ಪುಸ್ತಕವನ್ನು ದೇವರ ಮನೆಯಿಂದ ತಂದುಕೊಟ್ಟರು. ಪುಸ್ತಕವಿಲ್ಲದ ಗಾಡಿ ಎಷ್ಟೇ ಚೆನ್ನಾಗಿದ್ದರೂ ಬರೀ ಕಬ್ಬಿಣ.

ಗಾಡಿಯನ್ನು ತಳ್ಳಿಕೊಂಡು ಹೋದದ್ದು ಮಂಡಿ ಮೊಹಲ್ಲಾದ ಒಂದು ಶೆಡ್ಡಿಗೆ. ಅಲ್ಲಿಯ ಮೇಸ್ತ್ರಿ ಜಾವಾ ಫ್ಯಾಕ್ಟರಿಯಲ್ಲಿ ಎಂಜಿನ್ ಜೋಡಿಸುತ್ತಿದ್ದವರು. ಕಾರ್ಖಾನೆ ಮುಚ್ಚಿದ ಮೇಲೆ ಹೀಗೆ ಕೈಕಸುಬನ್ನೇ ನಂಬಿ ಊರಿನ ಮೂಲೆಮೂಲೆಯಲ್ಲಿ ಶೆಡ್ ಹಾಕಿಕೊಂಡವರು ಎಷ್ಟೋ ಮಂದಿ. ಬೆಂಗಳೂರಿನಲ್ಲಾಗಲಿ, ಪುಣೆಯಲ್ಲಾಗಲಿ ಹಳೇ ಜಾವಾ ಕೊಂಡವನಿಗೆ ಸಿಗದ ಅನುಕೂಲ ನಮಗೆ ಇದರಿಂದ ಸಿಕ್ಕಿತು: ಗಾಡಿ ಬಿಚ್ಚುತ್ತಿದ್ದವರು ಅದನ್ನು ಒಂದು ಕಾಲದಲ್ಲಿ ಜೋಡಿಸಿದವರೇ. ಯಾವ ಬೋಲ್ಟು ಯಾವ ಕಾಲದ್ದು, ಯಾವ ವರ್ಷ ಏನು ಬದಲಾಯಿತು ಎಂದು ಕೈಗೇ ಗೊತ್ತಿತ್ತು.

ಅವರು ಮೊದಲು ನೋಡಿದ್ದು ಬಣ್ಣವನ್ನಲ್ಲ. ಕಿಕ್ಕರ್ ಒತ್ತಿದರು. ಅದು ಅಲ್ಲಾಡಲಿಲ್ಲ. ಪಿಸ್ಟನ್ ಕಚ್ಚಿಕೊಂಡಿತ್ತು. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಡೀಸೆಲ್ ಸುರಿದು “ನಾಲ್ಕು ದಿನ ಬಿಟ್ಟು ಬನ್ನಿ ಸಾರ್” ಅಂದರು. ಕಚ್ಚಿದ ಪಿಸ್ಟನ್ ಅವರಿಗೆ ದೊಡ್ಡ ವಿಷಯವಲ್ಲ. ಭಯವಿದ್ದದ್ದು ಕ್ರ್ಯಾಂಕಿನ ಬಗ್ಗೆ. ಟು ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಗಾಳಿ ಎರಡೂ ಕ್ರ್ಯಾಂಕಿನ ಮನೆಯ ಮೂಲಕವೇ ಹಾದು ಹೋಗಬೇಕು. ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ಲೇ ಅಲ್ಲಿಯ ಬೇರಿಂಗುಗಳಿಗೆ ಜೀವ. ಗಾಡಿ ಓಡುತ್ತಿದ್ದರೆ ಅವಕ್ಕೆ ಸದಾ ಆಯಿಲ್ ಸ್ನಾನ. ವರ್ಷಗಟ್ಟಲೆ ನಿಂತರೆ ತೇವ ತಳಕ್ಕಿಳಿದು ತುಕ್ಕು ತಿನ್ನುತ್ತದೆ. ನನ್ನ ಗಾಡಿಯನ್ನೂ ತಿಂದಿತ್ತು.

ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬೇರ್ಪಡಿಸಿ, ಹೊಸ ಕನೆಕ್ಟಿಂಗ್ ರಾಡ್ ಮತ್ತು ಪಿನ್ ಹಾಕಿ, ಮತ್ತೆ ಒತ್ತಿ ಸೇರಿಸಬೇಕು. ಹೇಳಲು ಒಂದು ಸಾಲು. ಮಾಡುವಾಗ ನೋಡಬೇಕು. ಕ್ರ್ಯಾಂಕಿನ ಎರಡು ಚಕ್ರಗಳು ಒಂದೇ ನೇರದಲ್ಲಿ ತಿರುಗದಿದ್ದರೆ ಗಾಡಿ ಕೈಕಾಲು ನಡುಗಿಸುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಲೇತ್ ಮೇಲೆ ಕೂರಿಸಿ, ಡಯಲ್ ಗೇಜಿನ ಮುಳ್ಳನ್ನು ನೋಡುತ್ತ, ತಾಮ್ರದ ಸುತ್ತಿಗೆಯಿಂದ ಒಂದು ಪೆಟ್ಟು. ಮತ್ತೆ ತಿರುಗಿಸಿ ನೋಡುವುದು. ಮತ್ತೊಂದು ಪೆಟ್ಟು. ಮೇಸ್ತ್ರಿ ಆಗ ಯಾರೊಂದಿಗೂ ಮಾತಾಡುತ್ತಿರಲಿಲ್ಲ, ಬೀಡಿಯನ್ನೂ ಹಚ್ಚುತ್ತಿರಲಿಲ್ಲ. ಮುಳ್ಳು ಹೆಚ್ಚುಕಡಿಮೆ ನಿಂತಲ್ಲೇ ನಿಂತ ಮೇಲೆ ಒಂದು ಚಹಾ.

ಉಳಿದದ್ದು ಅಷ್ಟೊಂದು ಗಂಭೀರವಲ್ಲ. ಸಿಲಿಂಡರಿಗೆ ಬೋರ್ ಹಾಕಿಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಕೂರಿಸಿದರು. ಸೈಲೆನ್ಸರಿನ ಒಳಗೆ ಗಟ್ಟಿಯಾಗಿದ್ದ ಮಸಿಯನ್ನು ಬೆಂಕಿಯಲ್ಲಿ ಕಾಯಿಸಿ ಉದುರಿಸಿದರು. ಆ ವಾಸನೆಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡು ಬಯ್ದರು. ಟ್ಯಾಂಕಿನೊಳಗೆ ಸೀಮೆಎಣ್ಣೆ, ಒಂದಿಷ್ಟು ಜಲ್ಲಿ ಹಾಕಿ ಕುಲುಕುವ ಕೆಲಸ ನನ್ನ ಪಾಲಿಗೆ ಬಂತು, ಅದಕ್ಕೆ ಕಸುಬು ಬೇಕಿಲ್ಲ, ತೋಳು ಬೇಕು. ಮೆರೂನ್ ಬಣ್ಣದ ಮೇಲಿನ ಚಿನ್ನದ ಗೆರೆಗಳನ್ನು ಎಳೆದವನು ಸೈನ್‌ಬೋರ್ಡ್ ಬರೆಯುತ್ತಿದ್ದ ಕಲಾವಿದ. ಸ್ಕೇಲ್ ಇಲ್ಲ, ಟೇಪ್ ಇಲ್ಲ. ಕಿರುಬೆರಳನ್ನು ಟ್ಯಾಂಕಿಗೆ ಊರಿ, ಉಸಿರು ಹಿಡಿದು ಒಂದೇ ಎಳೆತ. ಒಂದು ಕಡೆ ಗೆರೆ ಕೂದಲೆಳೆಯಷ್ಟು ದಪ್ಪ ಬಂದಿದೆ. ಅದನ್ನು ನಾನು ಸರಿಮಾಡಿಸಿಲ್ಲ.

ಆಗ ಈ ಕೆಲಸಕ್ಕೆ ‘ರೆಸ್ಟೊರೇಷನ್’ ಎಂಬ ಹೆಸರಿರಲಿಲ್ಲ, ‘ರೆಡಿ ಮಾಡಿಸೋದು’ ಅನ್ನುತ್ತಿದ್ದರು. ಓಡಿಸಲು ರೆಡಿ ಮಾಡಿಸುತ್ತಿದ್ದರು. ಹೊಸದು ಕೊಳ್ಳಲಾಗದ ಗುಮಾಸ್ತ, ಕಾಲೇಜು ಹುಡುಗ, ತರಕಾರಿ ಸಾಗಿಸುವವರು ಇವರೇ ಗಿರಾಕಿಗಳು. 2003ರಿಂದ ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ಯೆಜ್ಡಿ ದಿನ ನಡೆಯತೊಡಗಿತು. ಸಾಲಾಗಿ ನಿಲ್ಲಿಸಿದ ಗಾಡಿಗಳನ್ನು ನೋಡಲು ಜನ ಬಂದರು, ಫೋಟೊ ತೆಗೆದರು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ನಂಬರಿನ ಕಾರುಗಳು ಶೆಡ್ಡಿನ ಮುಂದೆ ನಿಲ್ಲತೊಡಗಿದವು. ಕೊಟ್ಟಿಗೆಯ ಗಾಡಿಗಳಿಗೆ ದಲ್ಲಾಳಿಗಳು ಹುಟ್ಟಿಕೊಂಡರು. ಈಗ ಚೆನ್ನಾಗಿ ಸಿದ್ಧವಾದ ಹಳೇ ಜಾವಾದ ಬೆಲೆ ಲಕ್ಷ ದಾಟುತ್ತದೆ. ಹಳ್ಳಿಯ ಮುದುಕನಿಗೂ ಅದು ಗೊತ್ತು. ಮುರುಕು ಟ್ಯಾಂಕೊಂದಕ್ಕೇ ಅವನು ಹೇಳುವ ರೇಟು ಕೇಳಿದರೆ ನಾನು ಆಗ ಇಡೀ ಗಾಡಿ ಕೊಂಡದ್ದು ಸುಳ್ಳೇನೋ ಅನ್ನಿಸುತ್ತದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ವರ್ಷ ಮೂರು ಕಾಸಿಗೆ ಹೊತ್ತೊಯ್ದವರು ನಾವೇ ತಾನೆ.

ನನ್ನ ತಕರಾರು ಹೊಳಪಿನ ಬಗ್ಗೆ. ಕಾರ್ಖಾನೆಯಿಂದ ಹೊರಟಾಗಲೂ ಇಲ್ಲದ ಕ್ರೋಮು, ಕನ್ನಡಿಯಂಥ ಪೇಂಟು ಹೊಡೆಸಿ, ಬಟ್ಟೆ ಹೊದಿಸಿ ಹಾಲ್‌ನಲ್ಲಿ ನಿಲ್ಲಿಸುತ್ತಾರೆ. ಆರು ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡುತ್ತಾರೆ. ಕ್ರ್ಯಾಂಕ್ ಮತ್ತೆ ತುಕ್ಕು ಹಿಡಿಯುವುದು ಹೀಗೆಯೇ. ಕಾನೂನೂ ಈ ಕಡೆಗೇ ತಳ್ಳುತ್ತಿದೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಾನು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡು ದೇವರಾಜ ಮಾರುಕಟ್ಟೆಗೆ ಸೊಪ್ಪು ತರಲು ಅದರಲ್ಲೇ ಹೋಗುತ್ತೇನೆ.

2018ರ ನವೆಂಬರಿನಲ್ಲಿ ಜಾವಾ ಹೆಸರು ಷೋರೂಮಿಗೆ ಮರಳಿತು. ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ, ತಯಾರಿಕೆ ಮಧ್ಯಪ್ರದೇಶದ ಪೀತಂಪುರದಲ್ಲಿ. 2022ರಲ್ಲಿ ಯೆಜ್ಡಿಯೂ ಬಂತು. ಮೇಸ್ತ್ರಿಯನ್ನು ಕರೆದುಕೊಂಡು ಹೊಸ ಜಾವಾ ನೋಡಲು ಹೋಗಿದ್ದೆ. ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವ ಎಂಜಿನ್, 293 ಸಿಸಿ. ಸುತ್ತಲೂ ಒಂದು ಸುತ್ತು ಬಂದರು, ಮಂಡಿ ಊರಿ ಎಡಗಡೆ ಬಗ್ಗಿ ನೋಡಿದರು. “ಚೆನ್ನಾಗಿದೆ ಸಾರ್. ಕಿಕ್ಕರ್ ಎಲ್ಲಿ?” ಅಂದರು. ಷೋರೂಮಿನ ಹುಡುಗ ಸೆಲ್ಫ್ ಸ್ಟಾರ್ಟಿನ ಗುಂಡಿ ತೋರಿಸಿದ. ಇವರು ನಕ್ಕು ಹೊರಬಂದರು.

ಶೆಡ್ ಈಗಲೂ ಇದೆ. ಫೋನಿನಲ್ಲಿ ವಿಡಿಯೊ ನೋಡಿ ಕಲಿತ ಹುಡುಗನೊಬ್ಬ ಜೊತೆಗಿದ್ದಾನೆ. ಕಾರ್ಬುರೇಟರ್, ವೈರಿಂಗ್ ಎಲ್ಲ ಚುರುಕಾಗಿ ಮಾಡುತ್ತಾನೆ. ಕ್ರ್ಯಾಂಕಿನ ಸುತ್ತಿಗೆ ಮಾತ್ರ ಇನ್ನೂ ಅವನ ಕೈಗೆ ಬಂದಿಲ್ಲ. ಮೇಸ್ತ್ರಿ ಕೊಡುತ್ತಿಲ್ಲವೋ, ಅವನು ಕೇಳುತ್ತಿಲ್ಲವೋ, ನಾನು ಮಧ್ಯೆ ಬಾಯಿ ಹಾಕಿಲ್ಲ. ಈಗ ಇಬ್ಬರಿಗೂ ಹೊಸ ತಲೆನೋವು ಪೆಟ್ರೋಲಿನದು. ಅದರಲ್ಲಿ ಶೇಕಡಾ 20ರಷ್ಟು ಎಥೆನಾಲ್. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಮೂರು ವಾರ ನಿಂತ ಗಾಡಿಯ ಟ್ಯಾಂಕಿನಲ್ಲಿ ಆಗಲೇ ಕಂದು ಪುಡಿ. ಹುಡುಗ ಟ್ಯಾಂಕಿನೊಳಗೆ ಯಾವುದೋ ಲೇಪ ಹಾಕಬೇಕು ಅನ್ನುತ್ತಾನೆ. ಲೇಪ ಎದ್ದು ಬಂದು ಜೆಟ್ ಕಟ್ಟಿಕೊಂಡರೆ ಬಿಚ್ಚುವವರು ಯಾರು ಎಂದು ಮೇಸ್ತ್ರಿ ಕೇಳುತ್ತಾರೆ. ಹೋದ ವಾರ ಇದೇ ಜಗಳದ ನಡುವೆ ನನ್ನ ಗಾಡಿಯ ಟ್ಯಾಂಕ್ ಬಿಚ್ಚಿ ಬೆಂಚಿನ ಮೇಲಿಟ್ಟಿದ್ದಾರೆ. ಯಾರ ಮಾತು ನಡೆಯುತ್ತದೋ ಗೊತ್ತಾಗುವವರೆಗೆ ಸೊಪ್ಪು ತರಲು ನಡೆದೇ ಹೋಗುತ್ತಿದ್ದೇನೆ.